ನಾನೇರುವಾಗ ಇಳಿಯುವ ಭಾರ

"ಈ ಸಾಲು ನನ್ನ ಕೈಗೆ ಬರ್ತಾ ಇಲ್ಲ," ಎಂದೆ.

ಅವನು ಮೈಕಿನ ವೈರು ಸುತ್ತಿಡುತ್ತಿದ್ದ. ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ.

"ಕೈಗೆ ಏನಾಯ್ತು ಮೇಡಂ?"

"ಕೈ ಚೆನ್ನಾಗಿದೆ. ಸಾಲೇ ಸರಿಯಾಗಿಲ್ಲ."

ಮೊದಲ ಸಲ ಮಾತಾಡುತ್ತಿರುವವರಿಗೆ ಹೇಳುವ ಮಾತಲ್ಲ ಇದು. ಸುತ್ತುತ್ತಿದ್ದ ವೈರು ಅವನ ಮೊಣಕೈ ಹತ್ತಿರ ನಿಂತುಬಿಟ್ಟಿತು. ಪ್ರಾರ್ಥನಾ ಮಂದಿರದಲ್ಲಿ ಅವನನ್ನು ಎಲ್ಲರೂ ಮೈಕ್ ಎಂದೇ ಕರೆಯುತ್ತಿದ್ದರು. ಮೈಕ್ ಇಲ್ಲದೆಯೂ ಕೊನೆಯ ಬೆಂಚಿನವರೆಗೆ ಕೇಳಿಸುವ ಗಂಟಲು. ಆ ಗಂಟಲನ್ನು ಈಗ ತಗ್ಗಿಸಿ ಕೇಳಿದ. "ಯಾವ ಸಾಲು?"

ವಾರ್ಷಿಕ ಕೂಟಕ್ಕೆಂದು ಅವನು ಬರೆದ ರ‍್ಯಾಪ್ ಹಾಡು ಅದು. ದೇವರ ಹಾಡಿಗೆ ರ‍್ಯಾಪ್ ಯಾಕೆ ಎಂದು ಮೊದಲು ಮುಖ ಸಿಂಡರಿಸಿದ ಹಿರಿಯರೇ ಈಗ ಕುಳಿತಲ್ಲೇ ಕಾಲು ಕುಣಿಸುತ್ತಿದ್ದರು. ಆದರೆ ಹಾಡಿನ ನಡುವೆ ಇದೊಂದು ಇತ್ತು:

ಎದೆ ಉಬ್ಬಿಸಿ ಬಂದೆ, ಎತ್ತರ ನಂದೇ ಅಂದೆ,
ಬೆನ್ನ ಹಿಂದೆ ಯಾರಂತ ತಿರುಗಿ ನೋಡದೆ ಬಂದೆ,
ನಾನೇರುವಾಗ ಇಳಿಯುವ ಭಾರ ನೀನು, ದೇವರೇ,
ನಾನೇರುವಾಗ ಇಳಿಯುವ ಭಾರ ನೀನು.

"ದೇವರು ಭಾರ ಹೇಗಾಗ್ತಾನೆ? ಅದೂ ಇಳಿಯೋ ಭಾರ?"

"ಕೇಳಿದವರಿಗೆ ಹೇಗೆ ಅನ್ಸುತ್ತೋ ಹಾಗೆ ಮೇಡಂ. ಹಾಡನ್ನ ಬಿಡಿಸಿ ಹೇಳಿದ್ರೆ, ಜೋಕ್ ಬಿಡಿಸಿ ಹೇಳಿದ ಹಾಗಾಗುತ್ತೆ."

"ಕೇಳಿದವರಿಗೆ ಸರಿ. ಕೇಳದವರಿಗೆ?"

ನಾನು ನನ್ನ ಕೆಲಸ ವಿವರಿಸಿದೆ. ಕಿವಿ ಕೇಳದವರಿಗೆ ಮಾತನ್ನು ಸನ್ನೆ ಮಾಡಿ ತೋರಿಸುವುದು, ಅವರ ಸನ್ನೆಯನ್ನು ಬಾಯಲ್ಲಿ ಹೇಳುವುದು. ಆಸ್ಪತ್ರೆ, ಕಚೇರಿ, ಶಾಲೆ, ಎಲ್ಲಿ ಕರೆದರೆ ಅಲ್ಲಿ. ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ: ಯಾರು ಏನು ಹೇಳಿದರೂ ಏನನ್ನೂ ಬಿಡುವಂತಿಲ್ಲ, ಏನನ್ನೂ ಸೇರಿಸುವಂತಿಲ್ಲ. ಬೈದರೆ ಬೈಗುಳ ಕೂಡ.

"ಬಾಯಿಗೆ ತಪ್ಪಿಸಿಕೊಳ್ಳೋಕೆ ಜಾಗ ಇರುತ್ತೆ, ಕೈಗೆ ಇರಲ್ಲ," ಎಂದೆ. "ನೀವು ಭಾರ ಅಂದುಬಿಟ್ರಿ. ನಾನು ಅದನ್ನ ಎಲ್ಲಿಡಲಿ? ತಲೆ ಮೇಲಾ, ಹೆಗಲ ಮೇಲಾ? ಇಳಿಯುತ್ತೆ ಅಂದ್ರಿ. ನೀರಿಗಾ, ನೆಲಕ್ಕಾ? ನನ್ನಿಂದ ಇಳಿಯುತ್ತಾ, ನನ್ನ ಮೇಲೆ ಇಳಿಯುತ್ತಾ?"

ಅವನು ನನ್ನ ಕೈಗಳನ್ನೇ ನೋಡುತ್ತಿದ್ದ. ಅವು ಮಾತಿನ ಜೊತೆ ತಲೆಗೂ ಹೆಗಲಿಗೂ ನೆಲಕ್ಕೂ ಓಡಾಡುತ್ತಿದ್ದವು.

"ಎಷ್ಟು ಚೆನ್ನಾಗಿ ಜಗಳ ಆಡ್ತೀರಿ," ಎಂದ.

"ನಾನು ಜಗಳ ಆಡ್ತಿಲ್ಲ."

"ನೀವಲ್ಲ ಮೇಡಂ, ನಿಮ್ಮ ಕೈ."

ಕಿವಿ ಬಿಸಿಯಾಯಿತು. ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟೆ. ತನ್ನ ಸಾಲಿನ ಅರ್ಥ ತನಗೇ ಗೊತ್ತಿಲ್ಲದ ಮನುಷ್ಯ ಇವನು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ. ನಡುನಡುವೆ ಅವನು ಬಲಗಡೆ ತುಟಿಯಲ್ಲಿ ಮಾತ್ರ ನಗುವುದು ನೆನಪಾಗಿ, ಬೈಗುಳ ಅರ್ಧಕ್ಕೆ ನಿಲ್ಲುತ್ತಿತ್ತು.

ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಕಾರಣ ನನ್ನ ಅಣ್ಣ.

ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಫ್ರೇಮಿಗೆ ಸರಿಯಾಗಿ ಗಾಜು ಉಜ್ಜುವುದು ಅವನ ಕೆಲಸ. ಅಮ್ಮ ಇದ್ದಾಗ ಪ್ರಾರ್ಥನೆಗೆ ಅಮ್ಮನ ಪಕ್ಕದಲ್ಲೇ ಕೂರುತ್ತಿದ್ದ. ಅಮ್ಮ ಮಡಿಲಲ್ಲೇ ಕೈಯಾಡಿಸುತ್ತ ಎಲ್ಲ ಹೇಳುತ್ತಿದ್ದಳು. ಅಮ್ಮ ಹೋದ ಮೇಲೆ ಒಂದೆರಡು ಸಲ ಹೋಗಿ, ಹೂದಾನಿಯ ಹಾಗೆ ಕೂತು ಬಂದ. ಆಮೇಲೆ ಹೋಗಲೇ ಇಲ್ಲ. ಈ ಸಲ ಮಂದಿರದವರು ನನ್ನನ್ನು ವೇದಿಕೆಯ ಮೇಲೆ ನಿಂತು ಎಲ್ಲವನ್ನೂ ಸನ್ನೆಯಲ್ಲಿ ತೋರಿಸಲು ಕರೆದಾಗ, ಅಣ್ಣನನ್ನು ಬಿಡದೆ ಕಾಡಿದೆ.

"ಒಂದು ಸಲ ಬರ್ತೀನಿ," ಎಂದು ಕೊನೆಗೆ ಸನ್ನೆ ಮಾಡಿದ್ದ. "ಅರ್ಥ ಆಗದಿದ್ರೆ ಎದ್ದು ಬರ್ತೀನಿ. ಮತ್ತೆ ಕರೀಬಾರದು."

ಅಣ್ಣ ಒಂದು ಮಾತು ಹೇಳಿದನೆಂದರೆ ಅದು ಗಾಜು ಕತ್ತರಿಸಿದ ಹಾಗೆ. ಮತ್ತೆ ಕೂಡಿಸಲು ಬರುವುದಿಲ್ಲ.

ಆ ಸಂಜೆ ಕನ್ನಡಿಯ ಮುಂದೆ ನಿಂತು ಆ ಸಾಲನ್ನು ಮಾಡಿ ನೋಡುತ್ತಿದ್ದೆ. ಅಣ್ಣ ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ.

"ದೇವರು ಯಾಕೆ ಮುಳುಗ್ತಿದ್ದಾನೆ?" ಎಂದು ಕೇಳಿದ.

"ಮುಳುಗ್ತಿಲ್ಲ. ಇಳೀತಿದ್ದಾನೆ."

"ನಿನ್ನ ಕೈಯಲ್ಲಿ ಮುಳುಗ್ತಿದ್ದಾನೆ. ಪಾಪ, ಯಾರಾದ್ರೂ ಹಿಡ್ಕೊಳ್ರಪ್ಪ."

ಬೇರೆಯವರನ್ನೂ ಕೇಳಿ ನೋಡಿದೆ. ಮಂದಿರದ ಹಿರಿಯರು ಜಾರುವ ಕನ್ನಡಕವನ್ನು ಮೇಲೇರಿಸಿ, "ಹಡಗಿಗೆ ಲಂಗರು ಇದ್ದ ಹಾಗೆ ಇರಬೇಕಮ್ಮ," ಎಂದರು. ಏರುವ ಹಡಗು ಎಲ್ಲಿದೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೀಬೋರ್ಡ್ ನುಡಿಸುವಾಕೆ, "ನಮ್ಮ ಪಾಪದ ಭಾರ," ಎಂದಳು. ಪಾಪವೂ ದೇವರೂ ಒಂದೇ ಆದರೆ ಹಾಡುವುದು ಯಾರನ್ನು? ಪಕ್ಕದ ಮನೆಯ ಅತ್ತೆ ಬಟ್ಟೆ ಒಣಗಿಸುತ್ತಲೇ ಯೋಚಿಸಿದರು. "ಏರುವಾಗ ಭಾರ ಆಗೋದು ಗಂಡ ಕಣೇ," ಎಂದರು. "ಆ ಹುಡುಗನಿಗೆ ಮದುವೆ ಆಗಿದೆಯಾ ಕೇಳು."

"ಅದನ್ನ ನಾನ್ಯಾಕೆ ಕೇಳಲಿ ಅತ್ತೆ?"

"ಅರ್ಥ ಗೊತ್ತಾಗಬೇಕಲ್ಲ," ಎಂದರು ಅತ್ತೆ, ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು.

ಕೂಟಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು. ಮಂಡಿ ನೋವಿನ ಮುದುಕರೊಬ್ಬರ ಮಾತನ್ನು ಡಾಕ್ಟರಿಗೂ, ಡಾಕ್ಟರ ಮಾತನ್ನು ಅವರಿಗೂ ತಲುಪಿಸಿ ಹೊರಗೆ ಬಂದೆ. ಲಿಫ್ಟಿನ ಮುಂದೆ ‘ದುರಸ್ತಿಯಲ್ಲಿದೆ’ ಎಂಬ ಫಲಕ, ತೆರೆದ ಬಾಗಿಲಿಗೆ ಅಡ್ಡವಾಗಿ ಹಳದಿ ಬೇಲಿ. ಮೆಟ್ಟಿಲ ಕಡೆ ತಿರುಗಿದೆ. ಆಗ ಆ ಬಾಗಿಲ ಹಿಂದಿನ ಕತ್ತಲ ಬಾವಿಯೊಳಗಿಂದ ಹಾಡು ಬಂತು.

ನಾನೇರುವಾಗ ಇಳಿಯುವ ಭಾರ ನೀನು...

ಬೇಲಿಯ ಹತ್ತಿರ ಹೋಗಿ ಬಗ್ಗಿದೆ. ಕೆಳಗೆ, ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ಹೆಲ್ಮೆಟ್ಟಿನ ದೀಪ ಹೊತ್ತಿಸಿಕೊಂಡು, ಗ್ರೀಸು ಮೆತ್ತಿದ ಕೈಯಿಂದ ತಾಳ ಹಾಕುತ್ತ ಅವನು ನಿಂತಿದ್ದ.

"ಮೈಕ್?"

ತಾಳ ನಿಂತಿತು. ದೀಪ ಮೇಲೆ ತಿರುಗಿ ನನ್ನ ಕಣ್ಣಿಗೇ ಹೊಡೆಯಿತು.

"ಅಯ್ಯೋ, ಜಗಳದ ಕೈ ಮೇಡಂ. ಬೇಲಿ ದಾಟಬೇಡಿ, ಅಲ್ಲೇ ನಿಲ್ಲಿ."

"ಇಲ್ಲೇನು ಮಾಡ್ತಿದ್ದೀರಿ?"

"ಲಿಫ್ಟ್ ರಿಪೇರಿ. ಹೊಟ್ಟೆಪಾಡು ಇದೇ. ಜೊತೆಗೆ ಪ್ರಾಕ್ಟೀಸ್. ಇಲ್ಲಿ ದನಿ ಚೆನ್ನಾಗಿ ಮೊಳಗುತ್ತೆ, ಯಾರೂ ಎದ್ದು ಹೋಗೋ ಹಾಗೂ ಇಲ್ಲ."

ನನಗೆ ನಗು ಬಂತು. ತಡೆಯಬೇಕೆನಿಸಲಿಲ್ಲ. ಅದು ಬಾವಿಯೊಳಗೆ ಇಳಿದು, ಎರಡರಷ್ಟಾಗಿ ಹಿಂತಿರುಗಿತು. ಅವನು ಕೆಳಗೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡ.

ಆಮೇಲೆ ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡ. "ಸಾಲಿನ ಅರ್ಥ ಕೇಳಿದ್ರಲ್ಲ, ತೋರಿಸ್ತೀನಿ. ನನ್ನನ್ನ ನೋಡಬೇಡಿ, ನನ್ನ ಹಿಂದಿನ ಗೋಡೆ ನೋಡಿ."

ಒಂದು ಗುಂಡಿ ಒತ್ತಿ ಹಿಡಿದ. ಪೆಟ್ಟಿಗೆ ನಿಧಾನವಾಗಿ ಏರತೊಡಗಿತು. ಮೊದಲು ಅವನ ಹೆಲ್ಮೆಟ್ಟು ಹತ್ತಿರ ಬಂತು. ನನ್ನನ್ನು ನೋಡಬೇಡಿ ಎಂದಿದ್ದ, ಆದರೂ ನೋಡಿದೆ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಗೋಡೆಗುಂಟ, ಮೇಲಿನ ಕತ್ತಲಿಂದ ಏನೋ ಇಳಿದು ಬಂತು. ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ದಿಂಡುಗಳು, ಆಳೆತ್ತರದ ಚೌಕಟ್ಟಿನಲ್ಲಿ, ಉಕ್ಕಿನ ಹಗ್ಗಕ್ಕೆ ತೂಗಿಕೊಂಡು. ಸದ್ದೇ ಇರಲಿಲ್ಲ. ಅವನು ಏರಿದಷ್ಟೂ ಅದು ಇಳಿಯಿತು.

ಸರಿಯಾಗಿ ನನ್ನ ಎದುರಿಗೆ ಬಂದಾಗ ಎರಡೂ ಒಂದೇ ಮಟ್ಟದಲ್ಲಿದ್ದವು. ಅವನು ಗುಂಡಿ ಬಿಟ್ಟ. ಎರಡೂ ನಿಂತವು.

"ಎದುರು ಭಾರ," ಎಂದ. "ನಾವು ಕೌಂಟರ್‌ವೇಟ್ ಅಂತೀವಿ. ಲಿಫ್ಟನ್ನ ಮೋಟರ್ ಒಂದೇ ಎತ್ತುತ್ತೆ ಅಂತ ಜನ ಅನ್ಕೊಂಡಿದ್ದಾರೆ. ಇದು ಆ ಕಡೆಯಿಂದ ಇಳಿದು ಎಳೆಯದಿದ್ರೆ ಮೋಟರ್ ಉಸ್ಸಪ್ಪಾ ಅಂತ ಕೂತ್ಬಿಡುತ್ತೆ. ಒಳಗೆ ನಿಂತವರಿಗೆ ಇದು ಕಾಣೋದೇ ಇಲ್ಲ. ಕನ್ನಡಿ ನೋಡ್ಕೊಂಡು ತಲೆ ಬಾಚ್ಕೊಂಡು ಮೇಲೆ ಹೋಗ್ತಾರೆ, ತಾವೇ ಏರಿದ ಹಾಗೆ."

ನಾನು ಬೇಲಿ ಹಿಡಿದು ಇನ್ನಷ್ಟು ಬಗ್ಗಿದೆ.

"ದೇವರು ಮೇಲಿದ್ದಾನೆ ಅಂತಾರೆ. ನಾನು ಎಲ್ಲಕ್ಕಿಂತ ಮೇಲೆ ಹೋಗಿ ನೋಡಿದ್ದೀನಿ. ಅಲ್ಲಿರೋದು ಗಾಲಿ, ಗ್ರೀಸು, ಪಾರಿವಾಳ." ಅವನು ಕಬ್ಬಿಣದ ಕಡೆ ಗದ್ದ ಚಾಚಿ ತೋರಿಸಿದ. "ಆದ್ರೆ ಯಾರೋ ಒಬ್ರು ಏರಬೇಕಾದ್ರೆ ಇನ್ನೊಬ್ರು ಇಳೀತಾರಲ್ಲ, ಸದ್ದಿಲ್ಲದೆ. ನಮ್ಮಕ್ಕ ಹಾಗೆ ಮಾಡಿದ್ಲು, ನಾನು ಕೆಲಸ ಕಲೀಲಿ ಅಂತ ತಾನು ಓದು ಬಿಟ್ಟು. ಅಕ್ಕನಿಗೇ ಅಷ್ಟು ಸಾಧ್ಯ ಆದ್ರೆ, ದೇವರು ಅದಕ್ಕಿಂತ ಕಡಿಮೆ ಇರ್ತಾನಾ ಅನ್ನಿಸ್ತು."

ನನಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆ ಕಂಡಿತು. ನಾನು ಕಾಲೇಜಿಗೆ ಹೋಗಲೆಂದು ಅಣ್ಣ ತನ್ನ ಚಿತ್ರಕಲೆಯ ತರಗತಿ ಬಿಟ್ಟು ಅಲ್ಲಿ ಹೋಗಿ ಕೂತಿದ್ದ. ಅವತ್ತು ಕೂಡ ಸದ್ದೇ ಇರಲಿಲ್ಲ.

"ಇಷ್ಟು ಚೆನ್ನಾಗಿದೆಯಲ್ಲ, ಮೊದಲೇ ಹೇಳೋಕೆ ಏನಾಗಿತ್ತು?" ಎಂದೆ. ದನಿ ಸ್ವಲ್ಪ ಒದ್ದೆಯಾಗಿತ್ತು.

"ನಾಚಿಕೆ ಮೇಡಂ. ಎಲ್ಲರೂ ದೇವರನ್ನ ಬೆಟ್ಟ ಅಂತಾರೆ, ಕಡಲು ಅಂತಾರೆ, ಬೆಳಕು ಅಂತಾರೆ. ನಾನು ಹೋಗಿ ಲಿಫ್ಟು ಅನ್ನಲಾ? ಹಿರಿಯರು ಕನ್ನಡಕ ಬೀಳಿಸ್ಕೊಳ್ತಿದ್ರು."

ಬೇಲಿಯ ಈಚೆ ನಿಂತೇ ಎರಡು ಮುಷ್ಟಿ ಎತ್ತಿದೆ. ಒಂದು ಮುಂದೆ, ತಗ್ಗಿನಲ್ಲಿ. ಇನ್ನೊಂದು ಅದರ ಹಿಂದೆ, ಎತ್ತರದಲ್ಲಿ. ಮುಂದಿನದು ಏರಿತು, ಹಿಂದಿನದು ಅದರ ಮರೆಯಲ್ಲಿ ಇಳಿಯಿತು.

ಅವನು ಹೆಲ್ಮೆಟ್ ತೆಗೆದ. ಕೂದಲು ಬೆವರಿಗೆ ಹಣೆಗಂಟಿತ್ತು.

"ಇಷ್ಟೇನಾ? ಆ ಸಾಲು ಬರೆಯೋಕೆ ನಾನು ಎಷ್ಟು ಒದ್ದಾಡಿದ್ದೀನಿ ಗೊತ್ತಾ? ಇನ್ನೊಂದ್ಸಲ ಮಾಡಿ."

ಮತ್ತೆ ಮಾಡಿದೆ. ಎರಡು ಮುಷ್ಟಿಗಳೂ ಸಮನಾದಲ್ಲಿ ನನಗರಿವಿಲ್ಲದೆ ಕೈ ತಡೆಯಿತು.

"ಅಲ್ಲಿ ನಿಲ್ಲಲ್ಲ ಅದು," ಎಂದ ಮೆಲ್ಲಗೆ. "ಪ್ರತಿ ಸಲ ನಡುವಲ್ಲಿ ಒಂದು ಕ್ಷಣ ಎದುರುಬದುರಾಗ್ತವೆ, ಅಷ್ಟೆ. ಆಮೇಲೆ ಅವುಗಳ ದಾರಿ ಅವುಗಳಿಗೆ."

"ಈಗ ನಿಂತಿದೆಯಲ್ಲ."

"ನಾನು ಗುಂಡಿ ಬಿಟ್ಟಿದ್ದೀನಿ."

"ಒತ್ತಬಹುದಲ್ಲ."

"ಒತ್ತಬಹುದು," ಎಂದ. ಒತ್ತಲಿಲ್ಲ.

ಕೆಳಗಿನ ಮಹಡಿಯಿಂದ ಯಾರೋ, "ಲಿಫ್ಟು ಇನ್ನೂ ಆಗಿಲ್ವೇನ್ರೀ?" ಎಂದು ಕೂಗಿದರು. "ಆಗ್ತಾ ಇದೆ ಸಾರ್," ಎಂದು ಅವನು ಕೂಗಿದ, ಕಣ್ಣು ನನ್ನ ಮೇಲೆಯೇ ಇಟ್ಟು.

ಮನೆಯಲ್ಲಿ ಅಣ್ಣನಿಗೆ ಏನೂ ಹೇಳಲಿಲ್ಲ. ವೇದಿಕೆಯಿಂದಲೇ ತಿಳಿಯಲಿ ಎಂದು ಬಿಟ್ಟೆ. ಅಭ್ಯಾಸ ಮಾತ್ರ ಮಾಡಿದೆ, ಕನ್ನಡಿಯ ಮುಂದೆ, ಒಲೆಯ ಮುಂದೆ, ಇಸ್ತ್ರಿ ಮಾಡುತ್ತ. ಅಣ್ಣ ನೋಡಿಯೂ ನೋಡದವನಂತೆ ಓಡಾಡಿದ.

ಕೂಟದ ದಿನ ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಬಂದು ಕೂತ. ಎದ್ದು ಹೋಗಲು ಸುಲಭವಾಗಲಿ ಎಂದು ಆರಿಸಿಕೊಂಡ ಕುರ್ಚಿ ಅದು. ಅಂಗಿಯ ತೋಳಿಗೆ ಗಾಜಿನ ಬಿಳಿ ಪುಡಿ ಹಾಗೇ ಇತ್ತು. ಅವನ ಹಿಂದೆ ಕಿವಿ ಕೇಳದ ಇನ್ನೂ ಕೆಲವರಿದ್ದರು. ನನಗೆ ಕಂಡದ್ದು ಆ ಒಂದು ಕುರ್ಚಿ.

ಪ್ರಾರ್ಥನೆ ಮುಗಿಯಿತು, ಹಿರಿಯರ ಉದ್ದನೆಯ ಭಾಷಣ ಮುಗಿಯಿತು. ಅಣ್ಣ ಒಮ್ಮೆ ಗಡಿಯಾರ ನೋಡಿದ. ಆಮೇಲೆ ಕೀಬೋರ್ಡು, ಡ್ರಮ್ಮು, ನೆಲ ನಡುಗುವಂಥ ಸದ್ದು. ಅಣ್ಣ ಚಪ್ಪಲಿ ಕಳಚಿ ಅಂಗಾಲನ್ನು ನೆಲಕ್ಕೊತ್ತಿದ. ಅವನು ಹಾಡು ಕೇಳುವುದೇ ಹಾಗೆ.

ಮೈಕ್ ವೇದಿಕೆಯ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಅವನ ಬಾಯಿಂದ ಮಾತು ಸಿಡಿದ ಹಾಗೆ ನನ್ನ ಕೈ ಓಡಿತು. ಎದೆ ಉಬ್ಬಿತು, ಎತ್ತರ ಬಂತು, ಬೆನ್ನು ತಿರುಗಲಿಲ್ಲ. ಆಮೇಲೆ ಆ ಸಾಲು.

ಮುಂದಿನ ಮುಷ್ಟಿ ಏರಿತು. ಹಿಂದಿನದು ಇಳಿಯಿತು.

ಅಣ್ಣನ ಮುಖದಲ್ಲಿ ಏನೂ ಕಾಣಲಿಲ್ಲ. ಸಾಲು ಎರಡನೆಯ ಸಲ ಬಂತು. ಈ ಸಲ ಅವನ ಕಣ್ಣು ಏರುವ ಕೈ ಬಿಟ್ಟು, ಇಳಿಯುವ ಕೈಯ ಹಿಂದೆ ಹೋಯಿತು. ಅದು ತಳ ಮುಟ್ಟುವವರೆಗೂ ಹೋಯಿತು. ಅಲ್ಲಿಂದ ಕಣ್ಣೆತ್ತಿ ನನ್ನನ್ನು ನೋಡಿದ. ನಮ್ಮಿಬ್ಬರಿಗೂ ಬೇರೆ ಸನ್ನೆ ಬೇಕಿರಲಿಲ್ಲ.

ಆಗಲೇ ಹಾಡು ತಪ್ಪಿತು. ಮೈಕ್ ಜನರ ಕಡೆ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ ನಿಂತುಬಿಟ್ಟಿದ್ದ, ಬಾಯಿ ತೆರೆದಿತ್ತು, ಮಾತು ಇರಲಿಲ್ಲ. ಕೀಬೋರ್ಡಿನಾಕೆ ಅದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸಿದಳು. ನನಗೂ ಹೇಳಲು ಏನೂ ಇಲ್ಲದೆ ಕೈ ಗಾಳಿಯಲ್ಲಿ ನಿಂತಿತು. ಮೊದಲ ಸಾಲಿನಲ್ಲಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನಿನ್ನ ಮೈಕ್ ಕೆಟ್ಟುಹೋಯ್ತು," ಎಂದು ಅಲ್ಲಿಂದಲೇ ಸನ್ನೆ ಮಾಡಿದ.

ಕೂಟ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಎಲ್ಲರಿಗೂ ಚಹಾ. ಅಣ್ಣ ಎದ್ದು ಹೋಗಿರಲಿಲ್ಲ. ಲೋಟ ಹಿಡಿದು ನೇರ ನಾನೂ ಮೈಕೂ ನಿಂತಿದ್ದಲ್ಲಿಗೆ ಬಂದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಖಾಲಿ ಮಾಡಿಕೊಂಡ.

"ನಮ್ಮಣ್ಣ ಇವರು, ಏನೋ ಹೇಳ್ಬೇಕಂತೆ," ಎಂದೆ ಮೈಕಿಗೆ. "ನಾನು ಹೇಳ್ತೀನಿ, ನೀವು ಅವರನ್ನ ನೋಡಿ."

"ಏರೋದು ಸರಿ, ಇಳಿಯೋ ಭಾರನೂ ಸರಿ," ಎಂದ ಅಣ್ಣ. ನಾನು ಅದನ್ನು ದನಿಯಾಗಿಸಿದೆ. "ಹಗ್ಗ ಎಲ್ಲಿ? ಹಗ್ಗಾನೇ ತೋರಿಸಲಿಲ್ಲ. ಹಗ್ಗ ಇಲ್ಲದಿದ್ರೆ ಎರಡೂ ಬೀಳ್ತವೆ."

ಮೈಕ್ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ, ಅವರನ್ನ ನೋಡಿ, ಎಂದೆ.

"ಹಗ್ಗ ನನ್ನ ಹಾಡಲ್ಲೇ ಇಲ್ಲ ಅಣ್ಣ," ಎಂದ. ಮೊದಲ ಮಾತಿಗೇ ಅಣ್ಣ ಅಂದ. ಅದನ್ನೂ ಬಿಡದೆ ಸನ್ನೆ ಮಾಡಿದೆ. ಅಣ್ಣನ ಒಂದು ಹುಬ್ಬು ಏರಿತು.

"ಏರೋದೇ ಹಾಡಿದ್ದೀಯ. ಮನುಷ್ಯ ಇಳೀತಾನೂ ಇರ್ತಾನೆ. ಅಮ್ಮ ಹೋದಾಗ ನಾನು ಇಳಿದೆ. ಆಗಲೂ ಬೀಳಲಿಲ್ಲ. ಅಂದ್ರೆ ಆ ಕಡೆ ಏನೋ ಇತ್ತು, ಹಗ್ಗ ಬಿಟ್ಟಿರಲಿಲ್ಲ. ಅದನ್ನೂ ಸೇರಿಸು."

ಮೈಕ್ ಸ್ವಲ್ಪ ಹೊತ್ತು ನೆಲ ನೋಡಿದ. ತುಟಿ ಅಲುಗಿತು. ತಾಳ ಹುಡುಕುತ್ತಿದ್ದ. "ನಾನಿಳಿಯುವಾಗಲೂ ಬಿಡದ ಹಗ್ಗ ನೀನು," ಎಂದ. "ಹೀಗಾ?"

ನಾನು ಎರಡು ಮುಷ್ಟಿಗಳ ನಡುವೆ, ತಲೆಯ ಮೇಲಿಂದ ಹಾಯುವ ಹಗ್ಗವನ್ನು ಎಳೆದು ತೋರಿಸಿದೆ.

"ಹೀಗೆ," ಎಂದ ಅಣ್ಣ. "ಮುಂದಿನ ವಾರ ಹಾಡಿ. ಹಗ್ಗ ಗಟ್ಟಿ ಇದೆಯಾ ಅಂತ ಬಂದು ನೋಡ್ತೀನಿ."

ಮುಂದಿನ ವಾರ. ಮತ್ತೆ ಕರೀಬಾರದು ಎಂದಿದ್ದವನೇ ಹೇಳಿದ ಮಾತದು. ಅಣ್ಣ ಮಾತ್ರ ಏನೂ ಆಗದವನಂತೆ ಲೋಟ ಎತ್ತಿ ಒಂದು ಗುಟುಕು ಕುಡಿದು, ಮತ್ತೆ ಕೆಳಗಿಟ್ಟ. ಮಾತು ಇನ್ನೂ ಮುಗಿದಿರಲಿಲ್ಲ.

"ಇವನಿಗೊಂದು ಹೆಸರು ಕೊಡಬೇಕು."

ಇದು ದೊಡ್ಡ ಮಾತು. ಕಿವಿ ಕೇಳದವರ ನಡುವೆ ಎಲ್ಲರಿಗೂ ಒಂದು ಕೈಹೆಸರು ಇರುತ್ತದೆ. ಅದನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಕಿವಿ ಕೇಳುವವರು ಇಡುವಂತಿಲ್ಲ. ಅವರೇ ಕೊಡಬೇಕು, ತಮ್ಮವನು ಎನಿಸಿದಾಗ. ನಾನು ವಿವರಿಸಿದಾಗ ಮೈಕ್ ಪದಕ ಹಾಕಿಸಿಕೊಳ್ಳುವವನಂತೆ ನೆಟ್ಟಗೆ ನಿಂತ.

ಅಣ್ಣ ಎರಡು ಮುಷ್ಟಿ ಹಿಡಿದ. ಒಂದು ಏರಿತು, ಒಂದು ಇಳಿಯಿತು, ಎದೆಯ ಮಟ್ಟದಲ್ಲಿ ಪಕ್ಕಪಕ್ಕಕ್ಕೆ ಬಂದು ನಿಂತುಬಿಟ್ಟವು.

"ಇದು ನಿಮ್ಮ ಹೆಸರು," ಎಂದೆ.

"ಅದು ನಡುವಲ್ಲಿ ನಿಲ್ಲಲ್ಲ ಅಲ್ವಾ?" ಎಂದ ಮೈಕ್. "ಯಾಕೆ ನಿಲ್ಲಿಸಿದ್ರು ಅಂತ ಕೇಳಿ."

ಕೇಳಿದೆ. ಕೇಳಬಾರದಿತ್ತು.

ಅಣ್ಣ ಹಲ್ಲು ಬಿಟ್ಟು ನಕ್ಕು ಉತ್ತರ ಕೊಟ್ಟ. ನಾನು ಬಾಯಿ ತೆರೆದು ಮುಚ್ಚಿದೆ.

"ಏನಂದ್ರು?"

"ಏನಿಲ್ಲ."

"ಮೇಡಂ," ಎಂದ ಅವನು, ಬಲಗಡೆ ತುಟಿ ಮೆಲ್ಲಗೆ ಏರಿತು. "ಏನನ್ನೂ ಬಿಡೋ ಹಾಗಿಲ್ಲ, ಏನನ್ನೂ ಸೇರಿಸೋ ಹಾಗಿಲ್ಲ. ಯಾರೋ ನಂಗೆ ಪಾಠ ಮಾಡಿದ್ರು."

ಅಣ್ಣ ಕೈ ಕಟ್ಟಿ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದ, ಸರಿಯಾಗಿ ಹೇಳುತ್ತಾಳೋ ಇಲ್ಲವೋ ಎಂದು. ಇಷ್ಟು ವರ್ಷ ಎಷ್ಟೋ ಜನರ ಮಾತನ್ನು ಹೇಳಿದ್ದೇನೆ, ರೋಗದ ಮಾತು, ಜಗಳದ ಮಾತು. ನನ್ನದೇ ಮಾತು ಬೇರೆಯವರ ಕೈಯಿಂದ ಬಂದು ನನ್ನ ಬಾಯಿಂದ ಹೊರಡಬೇಕಾದದ್ದು ಅದೇ ಮೊದಲು.

"ಅಣ್ಣ ಹೇಳ್ತಿದ್ದಾನೆ," ಎಂದೆ, ಚಹಾ ಲೋಟವನ್ನು ನೋಡುತ್ತ. "ನನ್ನ ತಂಗಿ ಮನೇಲಿ ಅಭ್ಯಾಸ ಮಾಡುವಾಗೆಲ್ಲ ಇಲ್ಲೇ ಕೈ ನಿಲ್ಲಿಸಿ ನಗ್ತಿದ್ಲು. ಒಲೆ ಮೇಲೆ ಹಾಲು ಉಕ್ಕಿದ್ರೂ ಕೈ ತೆಗೀಲಿಲ್ಲ. ಅದಕ್ಕೇ ಇವನ ಹೆಸರು ಇದೇ ಇರಲಿ ಅನ್ನಿಸ್ತು."

ಅಣ್ಣ ತೃಪ್ತಿಯಿಂದ ತಲೆಯಾಡಿಸಿ, ಲೋಟ ಎತ್ತಿಕೊಂಡು, ಹಿರಿಯರ ಜಾರಿದ ಕನ್ನಡಕವನ್ನು ಸರಿಮಾಡಿಕೊಡಲು ಹೊರಟುಹೋದ.

ಅಂಗಳದಲ್ಲಿ ಕುರ್ಚಿ ಮಡಿಸುವ ಸದ್ದು. ಮೈಕ್ ಒಂದು ಹೆಜ್ಜೆ ಹತ್ತಿರ ಬಂದ. ಕೊನೆಯ ಬೆಂಚಿಗೆ ಕೇಳಿಸುವ ಆ ಗಂಟಲು ನನ್ನ ಪಾಲಿಗೆ ಪಿಸುಮಾತಾಗಿತ್ತು.

"ನಾನೂ ಆವತ್ತು ಬೇಕಂತಲೇ ಗುಂಡಿ ಬಿಟ್ಟೆ," ಎಂದ. "ರಿಪೇರಿ ಅರ್ಧ ಗಂಟೆ ಮುಂಚೆನೇ ಮುಗಿದಿತ್ತು."

"ಕೆಳಗೆ ಜನ ಕಾಯ್ತಿದ್ರು."

"ಮೆಟ್ಟಿಲು ಹತ್ತೋದು ಆರೋಗ್ಯಕ್ಕೆ ಒಳ್ಳೇದು."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಯಾರೂ ಹೊರಡಲಿಲ್ಲ.

"ನಿಮಗೆ ಏನು ಕೈಹೆಸರು ಕೊಟ್ಟಿದ್ದಾರೆ?"

ನಾನು ಬಲಗೈ ಮುಷ್ಟಿಯಲ್ಲಿ ನನ್ನ ಎಡಗೈಯ ಕಿರುಬೆರಳನ್ನು ಹಿಡಿದು ತೋರಿಸಿದೆ. "ನಾನು ಹುಟ್ಟಿದ ದಿನ ಅಣ್ಣನ ಕಿರುಬೆರಳು ಹಿಡಿದು ಬಿಡಲೇ ಇಲ್ವಂತೆ. ಅದೇ ನಾನು."

"ಮಾಡಿ ನೋಡಲಾ?"

"ಮಾಡಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರ ಸಂದಿಯಲ್ಲಿ ಕಪ್ಪಗೆ ಉಳಿದಿತ್ತು. ಬಹಳ ಗಮನವಿಟ್ಟು, ಹೊಸ ಪಾಠ ಒಪ್ಪಿಸುವವನ ಹಾಗೆ ಹುಬ್ಬು ಗಂಟಿಕ್ಕಿ, ಕೈ ಚಾಚಿ ಕಿರುಬೆರಳೊಂದನ್ನು ಮುಷ್ಟಿಯಲ್ಲಿ ಹಿಡಿದ.

ತನ್ನದಲ್ಲ, ನನ್ನದು.

"ಸರಿಯಾಯ್ತಾ?" ಎಂದ.

ಸನ್ನೆ ಕಲಿಯಲು ಬಂದವರ ಬೆರಳು ಕೂದಲೆಳೆಯಷ್ಟು ಓರೆಯಾದರೂ ನಾನು ತಿದ್ದದೆ ಬಿಟ್ಟವಳಲ್ಲ. ಅಂಗಳದ ಆಚೆ ಅಣ್ಣ ಕನ್ನಡಕ ಒರೆಸುತ್ತ ನಮ್ಮ ಕಡೆಗೇ ನೋಡುತ್ತಿದ್ದ.

"ಸರಿಯಾಗಿದೆ," ಎಂದೆ.